ಪೂರ್ವಕ್ಕೆ ಖಾಲಿ ಬಿಟ್ಟ ಕಥೆ

ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಗೆ ಅದರದೇ ಒಂದು ವಾಸನೆಯಿದೆ. ಹಣ್ಣಿನ ವಾಸನೆಯಲ್ಲ ಅದು. ಅದಕ್ಕಿಂತ ಖಾರ, ಸ್ವಲ್ಪ ಸೀಮೆಎಣ್ಣೆಯ ಹತ್ತಿರದ್ದು. ಕೈಗೆ ಹತ್ತಿದರೆ ಸೋಪು ಹಾಕಿ ಉಜ್ಜಿದರೂ ಸಂಜೆಯವರೆಗೆ ಬಿಡುವುದಿಲ್ಲ. ಮುಖಕ್ಕೆ ಹತ್ತಿದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಈ ಮೇ ತಿಂಗಳಲ್ಲಿ ಯಲ್ದೂರಿನ ನಮ್ಮ ಮಾವನವರ ತೋಟಕ್ಕೆ ಹೋದಾಗ, ಬೇಡವೆಂದರೂ ಕೇಳದೆ ನಾನೂ ನಾಲ್ಕು ಕಾಯಿ ಕಿತ್ತೆ. ಸರ್ವೆಯರ್ ಆಗಿ ಇಪ್ಪತ್ತು ವರ್ಷ ಹೊಲಗಳಲ್ಲಿ ಅಲೆದವನಿಗೆ ನಾಲ್ಕು ಕಾಯಿ ಕೀಳುವುದು ಯಾವ ಮಹಾ ಕೆಲಸ ಎಂಬ ಜಂಬ ನನ್ನದು. ಸೊನೆ ಬೆರಳಿಗೆ ಹತ್ತಿತು. ಮೂಸಿದ್ದೇ ತಡ, ಎಂಟು ವರ್ಷದ ಹಿಂದಿನ ಬೇಸಿಗೆ ನೆನಪಿಗೆ ಬಂತು.

ಆ ಬೇಸಿಗೆಯಲ್ಲಿ ನಾನು ಮಕ್ಕಳ ಕಥೆ ಬರೆಯಲು ಕೂತಿದ್ದೆ. ಇದನ್ನು ಹೇಳಿದರೆ ಆಫೀಸಿನವರು ಈಗಲೂ ನಗುತ್ತಾರೆ. ಜಮೀನು ಅಳೆದು ನಕ್ಷೆ ಬರೆಯುವವನಿಗೆ ಇದೇನು ಹುಚ್ಚು ಎಂದು ಅವರಿಗೆ ಅನ್ನಿಸಿದರೆ ತಪ್ಪಿಲ್ಲ. ಯಾಕೆ ಬರೆಯಲು ಕೂತೆ ಎನ್ನುವುದನ್ನು ಅವರಿಗೆ ಹೇಳಿಲ್ಲ. ನನ್ನ ಏಳು ವರ್ಷದ ಮಗಳು ಸಿರಿಗೆ ನಾನು ಒಂದು ಸುಳ್ಳು ಹೇಳಿದ್ದೆ. ಶಾಲೆ ಶುರುವಾಗುವುದರೊಳಗೆ ಅದನ್ನು ಬಿಡಿಸಿ ನಿಜ ಹೇಳಬೇಕಾಗಿತ್ತು. ನೇರವಾಗಿ ಹೇಳುವ ಧೈರ್ಯ ನನಗಿರಲಿಲ್ಲ.

ನಡೆದದ್ದು ಹೀಗೆ. ನನ್ನ ಹೆಂಡತಿ ಮಂಜುಳ ಆಗ ಎರಡನೆಯ ಬಸುರಿ. ಮಾರ್ಚ್ ಕೊನೆಯಲ್ಲಿ, ಇನ್ನೂ ಏಳು ತಿಂಗಳು ತುಂಬುವ ಮೊದಲೇ, ಹೆರಿಗೆಯಾಗಿಬಿಟ್ಟಿತು. ಗಂಡು ಮಗು. ಎರಡು ದಿನ ಉಸಿರಾಡಿತು. ಹಲ್ಲು ಬಾರದ ಕೂಸನ್ನು ನಮ್ಮ ಕಡೆ ಸುಡುವುದಿಲ್ಲ, ಮಣ್ಣಿಗೆ ಕೊಡುತ್ತಾರೆ. ಮಾವನವರು ತಮ್ಮ ತೋಟದ ಮೂಲೆಯಲ್ಲಿ, ಹಳೆಯ ನಾಟಿ ಮಾವಿನ ಮರದಿಂದ ಹತ್ತು ಹೆಜ್ಜೆ ಆಚೆ ಜಾಗ ತೋರಿಸಿದರು. ನಾನೂ ಅವರೂ ಹೋಗಿ ಬಂದೆವು. ತಾಯಿಯನ್ನು ಕರೆದುಕೊಂಡು ಹೋಗುವ ಪದ್ಧತಿಯಿಲ್ಲ. ಮಂಜುಳ ಆಸ್ಪತ್ರೆಯಿಂದ ನೇರ ತವರಿಗೆ ಬಂದಳು. ಪರೀಕ್ಷೆ ಮುಗಿದ ಮೇಲೆ ಸಿರಿಯನ್ನೂ ಅಲ್ಲಿಗೇ ಕರೆತಂದೆ.

ಬಂದವಳೇ ಪಾಪ ಎಲ್ಲಿ ಎಂದು ಕೇಳಿದಳು. ಮನೆಯವರೆಲ್ಲ ನನ್ನ ಮುಖ ನೋಡಿದರು. ಪಾಪ ತುಂಬಾ ಚಿಕ್ಕದಾಗಿದೆ, ಕೋಲಾರದಲ್ಲಿ ಡಾಕ್ಟರ ಹತ್ತಿರ ಇದೆ, ದೊಡ್ಡದಾದ ಮೇಲೆ ಕೊಡುತ್ತಾರೆ ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಹಾಗೆ ಬಂದುಬಿಟ್ಟಿತು. ಎಷ್ಟು ದೊಡ್ಡದಾದ ಮೇಲೆ ಎಂದು ಕೇಳಿದಳು. ಎರಡೂ ಕೈ ಅಗಲಿಸಿ ಒಂದು ಅಳತೆ ತೋರಿಸಿದೆ. ಅಳತೆ ನನ್ನ ಕಸುಬು. ಅದನ್ನು ಸುಳ್ಳಿಗೆ ಬಳಸಿದ್ದು ಆವತ್ತು ಮಾತ್ರ, ಆ ನಾಚಿಕೆ ಇನ್ನೂ ಹೋಗಿಲ್ಲ.

ಅತ್ತೆಯವರಿಗೆ ಈ ಸುಳ್ಳೇ ಸರಿ ಅನ್ನಿಸಿತು. ‘ಬಿಡ್ಡಕಿ ಏಮೀ ಚೆಪ್ಪೊದ್ದು’ ಎಂದು ಮಾವನವರಿಗೂ ಮಂಜುಳಳಿಗೂ ಹೇಳಿದರು, ಮಗುವಿಗೆ ಏನೂ ಹೇಳಬೇಡಿ ಎಂದು. ಆ ಮನೆಯಲ್ಲಿ ಅಳಿಯನಾದ ನನ್ನ ಜೊತೆ, ಮೊಮ್ಮಗಳ ಜೊತೆ ಕನ್ನಡ. ಒಳಗಿನ ವಿಷಯವೆಲ್ಲ ತೆಲುಗಿನಲ್ಲಿ. ನಾನು ಮುಳಬಾಗಿಲಿನ ಕಡೆಯವನಾದ್ದರಿಂದ ನನಗೆ ಅದೂ ತಿಳಿಯುತ್ತದೆ. ಸಿರಿ ಕೋಲಾರದಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿ ಕನ್ನಡ, ಅವಳ ಶಾಲೆಯಲ್ಲಿ ಇಂಗ್ಲಿಷು. ಹಾಗಾಗಿ ಅವಳು ಪಕ್ಕದಲ್ಲೇ ಕೂತು ಬಣ್ಣದ ಪೆನ್ಸಿಲಿನಲ್ಲಿ ಗೀಚುತ್ತಿದ್ದರೂ ಹಿರಿಯರು ತೆಲುಗಿನಲ್ಲಿ ನಿಶ್ಚಿಂತೆಯಿಂದ ಮಾತಾಡಿಕೊಳ್ಳುತ್ತಿದ್ದರು.

ಮೊದಲ ವಾರ ಅವಳು ಮೂರು ಸಲ ಪಾಪನ ಬಗ್ಗೆ ಕೇಳಿದಳು. ಆಮೇಲೆ ಕೇಳಲಿಲ್ಲ. ಮಕ್ಕಳು ಮರೆಯುತ್ತಾರೆ ಎಂದು ನನಗೆ ಹಗುರವಾಯಿತು. ಆಗ ನನಗೆ ಮಾಲೂರು ತಾಲ್ಲೂಕಿನಲ್ಲಿ ಸರ್ವೆ ಕೆಲಸ. ವಾರವೆಲ್ಲ ಕೋಲಾರದ ಮನೆಯಲ್ಲಿ ಒಬ್ಬನೇ ಇದ್ದು, ಶನಿವಾರ ಸಂಜೆ ಯಲ್ದೂರಿಗೆ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದೆ. ಹಾಗೆ ಬಂದ ಒಂದು ಶನಿವಾರ ಮಂಜುಳ ನನ್ನನ್ನು ಹಿತ್ತಲಿಗೆ ಕರೆದಳು. ಅವಳು ಆ ದಿನಗಳಲ್ಲಿ ಮಾತಾಡುತ್ತಿದ್ದದ್ದೇ ಕಡಿಮೆ.

‘ಅವ್ಳು ಕೇಳೋದು ನಿಲ್ಲಿಸಿದಾಳೆ ರೀ. ನಂಗೆ ಅದೇ ಭಯ’ ಎಂದಳು. ‘ನೀವು ಹೇಳಿದ್ದು, ನೀವೇ ಸರಿ ಮಾಡ್ಬೇಕು. ಸ್ಕೂಲ್ ಶುರುವಾಗಿ ಕೋಲಾರಕ್ಕೆ ಹೋದ್ಮೇಲೆ ಅಕ್ಕಪಕ್ಕದೋರ ಬಾಯಿಂದ ಅವ್ಳು ಇದನ್ನ ಕೇಳ್ಬಾರ್ದು.’

ಆಗಲಿ ಎಂದೆ. ಮರುದಿನ ಸಿರಿಯನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಗಂಟಲು ಸರಿಮಾಡಿಕೊಂಡೆ. ಹೊಸ ಸ್ಕೂಲ್ ಬ್ಯಾಗು ಯಾವ ಬಣ್ಣದ್ದು ಬೇಕು ಎಂದು ಕೇಳಿದೆ. ನೀಲಿ ಎಂದಳು. ಅಷ್ಟಕ್ಕೇ ಆ ಭಾನುವಾರ ಮುಗಿಯಿತು.

ಕಥೆಯ ಯೋಚನೆ ಬಂದದ್ದು ಆ ಸೋಮವಾರ. ನನ್ನ ಬಾಯಿಂದ ಆಗದ್ದನ್ನು ಒಂದು ಮೊಲದ ಬಾಯಿಂದ ಹೇಳಿಸಿದರಾಯಿತು ಅಂದುಕೊಂಡೆ. ಒಂದು ಮೊಲ, ಅದಕ್ಕೊಬ್ಬ ತಮ್ಮ, ಆ ತಮ್ಮ ಇಲ್ಲವಾಗುವುದು. ಕೇಳುತ್ತ ಕೇಳುತ್ತ ಅವಳಿಗೇ ಅರ್ಥವಾಗುತ್ತದೆ, ನಾನು ಪಕ್ಕದಲ್ಲಿ ತಲೆ ಸವರುತ್ತ ಕೂತಿದ್ದರೆ ಸಾಕು ಎಂಬುದು ನನ್ನ ಯೋಜನೆ. ಹೇಡಿಗೆ ಹೊಳೆಯುವ ಉಪಾಯ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಬಹಳ ಬುದ್ಧಿವಂತಿಕೆ ಅನ್ನಿಸಿತ್ತು.

ವಾರವಿಡೀ ಕೂತು ಬರೆದೆ. ಶನಿವಾರ ಸಂಜೆ ಜಗುಲಿಯಲ್ಲಿ ಓದಿದೆ. ‘ಮುಳಬಾಗಿಲು ತಾಲ್ಲೂಕಿಗೆ ಸೇರಿದ ಒಂದು ಕಾಡಿನಲ್ಲಿ ಒಂದು ಮೊಲವು ಹಲವಾರು ವರ್ಷಗಳಿಂದ ವಾಸವಾಗಿದ್ದು, ಸದರಿ ಮೊಲಕ್ಕೆ ಒಬ್ಬ ತಮ್ಮನಿದ್ದು, ಸದರಿ ತಮ್ಮನು ದಿನಾಂಕದಂದು ಬಿಲದಿಂದ ಹೊರಗೆ ಬಂದಿದ್ದು...’ ಎಂದು ಅದು ಶುರುವಾಗುತ್ತಿತ್ತು. ನಾನು ಜೀವಮಾನದಲ್ಲಿ ಬರೆದದ್ದೆಲ್ಲ ಮಹಜರು. ಸ್ಥಳಕ್ಕೆ ಹೋಗಿ ನೋಡಿದ್ದನ್ನು ಸಾಕ್ಷಿಗಳಾದ ಪಂಚರ ಎದುರು ಬರೆದು ಅವರ ಸಹಿ ಹಾಕಿಸುವ ಕಾಗದ. ಕೈ ಆ ದಾರಿಯಲ್ಲೇ ಹೋಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ.

‘ಸದರಿ ಅಂದ್ರೆ ಮೊಲದ ಹೆಸ್ರಾ ಅಪ್ಪ?’ ಎಂದು ಸಿರಿ ಕೇಳಿದಳು. ಅಲ್ಲ, ಮೊದಲು ಒಂದು ಸಲ ಹೇಳಿದವರನ್ನು ಎರಡನೆಯ ಸಲ ಹೇಳುವಾಗ ನಮ್ಮ ಆಫೀಸಿನಲ್ಲಿ ಹಾಗೆ ಬರೆಯುತ್ತೇವೆ ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಆ ರಾತ್ರಿಯ ಊಟದ ಹೊತ್ತಿಗೆ ಸದರಿ ಅವ್ವ, ಸದರಿ ತಾತ, ಸದರಿ ಮುದ್ದೆ ಎಂದೆಲ್ಲ ಶುರುವಾಗಿತ್ತು. ಅಜ್ಜಿಯನ್ನು ಅವಳು ಅವ್ವ ಎನ್ನುತ್ತಾಳೆ. ಒಳಗೆ ಮಲಗಿದ್ದ ಮಂಜುಳಳೂ ನಕ್ಕಳು. ಹೆರಿಗೆಯಾದ ಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು. ಅದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ತಮ್ಮ ಮೊಲದ ಕಥೆ ಎಲ್ಲಿ ಮುಗಿಯಬೇಕಿತ್ತೋ ಅಲ್ಲಿಗೆ ಹೋಗಲೇ ಇಲ್ಲ.

ಮುಂದಿನ ವಾರ ಹಾಗಾಗಬಾರದೆಂದು ಕೋಲಾರದಲ್ಲಿ ಐದಾರು ಮಕ್ಕಳ ಪುಸ್ತಕ ಕೊಂಡು, ಪರೀಕ್ಷೆಗೆ ಓದಿದ ಹಾಗೆ ಓದಿದೆ. ಅವುಗಳ ರೀತಿಯಲ್ಲೇ ಒಂದು ಕಥೆ ಕಟ್ಟಿದೆ. ದಟ್ಟವಾದ ಕಾಡು, ತಾವರೆಯ ಕೊಳ, ದಯಾಳುವಾದ ಸಿಂಹರಾಜ, ಕೊನೆಗೊಂದು ನೀತಿ. ಒಂದೇ ಒಂದು ಸದರಿ ಇರಲಿಲ್ಲ. ಸಿರಿ ಅರ್ಧ ಕೇಳಿ, ಆ ಕಾಡು ಎಲ್ಲಿದೆ ಎಂದಳು. ದೂರ ಎಂದೆ. ದೂರ ಅಂದರೆ ಯಾವ ಕಡೆ, ಪಕ್ಕದಲ್ಲಿ ಏನಿದೆ ಎಂದಳು. ನನಗೆ ರೇಗಿತು. ಕಾಡಿಗೂ ಚಕ್ಕುಬಂದಿ ಬರೆಯಬೇಕಾ ಎಂದುಬಿಟ್ಟೆ.

ಚಕ್ಕುಬಂದಿ ಅಂದರೆ ಏನು ಎಂದು ಅವಳು ಬಿಡಲಿಲ್ಲ. ಹೇಳಿಕೊಟ್ಟೆ. ಯಾವ ಜಮೀನಿನ ಕಾಗದವಾದರೂ ಅದರ ನಾಲ್ಕು ಕಡೆ ಏನಿದೆ, ಯಾರಿದ್ದಾರೆ ಎಂದು ಬರೆಯಬೇಕು. ಮೊದಲು ಪೂರ್ವ, ಆಮೇಲೆ ಪಶ್ಚಿಮ, ಉತ್ತರ, ದಕ್ಷಿಣ. ಒಂದು ಕಡೆ ಖಾಲಿ ಬಿಟ್ಟರೂ ಆ ಕಾಗದವನ್ನು ಮೇಲಿನವರು ವಾಪಸ್ ಕಳಿಸುತ್ತಾರೆ. ನಾಲ್ಕೂ ಕಡೆ ಇದ್ದರೆ ಯಾರು ಬೇಕಾದರೂ ಹೋಗಿ ಆ ಜಾಗ ಹುಡುಕಬಹುದು. ಅವಳು ಇದನ್ನು ಕಥೆಗಿಂತ ಗಮನವಿಟ್ಟು ಕೇಳಿದಳು. ಹಾಗಾದರೆ ಸಿಂಹದ ಕಾಡಿನ ಚಕ್ಕುಬಂದಿ ಹೇಳು ಎಂದಳು. ನಾನೇ ನೋಡದ ಕಾಡು ಅದು. ಅವಳು ಎದ್ದು ಕರು ನೋಡಲು ಹೋದಳು.

ಆ ಸೋಮವಾರ ಮಾಲೂರಿಗೆ ಹೊರಡುವ ಮೊದಲು ಕೋಲಾರದ ಟೊಮ್ಯಾಟೊ ಮಂಡಿಯ ಹತ್ತಿರ ಟೀ ಕುಡಿಯುತ್ತಿದ್ದಾಗ, ಜೋಡಿಸಿಟ್ಟ ಕ್ರೇಟುಗಳ ಸಂದಿಯಿಂದ ಒಂದು ಇಲಿ ಇಣುಕಿತು. ಆ ಇಲಿ ನನಗೆ ದೇವರು ಕಳಿಸಿದ್ದು. ಅದರ ಮನೆಗೆ ಪೂರ್ವಕ್ಕೆ ಲಾರಿ ತೂಗುವ ಜಾಗ, ಪಶ್ಚಿಮಕ್ಕೆ ಟೀ ಅಂಗಡಿ, ಉತ್ತರಕ್ಕೆ ಖಾಲಿ ಕ್ರೇಟಿನ ರಾಶಿ, ದಕ್ಷಿಣಕ್ಕೆ ಆಟೋ ಸ್ಟ್ಯಾಂಡು. ಅದು ಒಂದು ದಿನ ಹೊಟ್ಟೆ ತುಂಬ ಟೊಮ್ಯಾಟೊ ತಿಂದು ಕ್ರೇಟಿನಲ್ಲೇ ನಿದ್ದೆಹೋಗುತ್ತದೆ. ಎಚ್ಚರವಾದಾಗ ಲಾರಿ ಯಾವುದೋ ದೊಡ್ಡ ಊರಿನಲ್ಲಿರುತ್ತದೆ. ಅಲ್ಲಿನ ಇಲಿಗಳಿಗೆ ಕನ್ನಡವೂ ಬಾರದು, ತೆಲುಗೂ ಬಾರದು. ಪಾಪದ ಇಲಿ ಖಾಲಿ ಕ್ರೇಟು ಹತ್ತಿ, ಚಿಂತಾಮಣಿಯಲ್ಲಿ ಇಳಿದು, ಬಸ್ಸು ತಪ್ಪಿಸಿಕೊಂಡು, ಅಂತೂ ಮನೆಗೆ ಬರುತ್ತದೆ.

ಸಿರಿ ಇದನ್ನು ಮೂರು ಸಲ ಹೇಳಿಸಿದಳು. ಬೀದಿಯ ಮಕ್ಕಳನ್ನೂ ಕರೆದು ಕೂರಿಸಿದಳು. ಮುಂದಿನ ಶನಿವಾರಕ್ಕೆ ಇಲಿಯ ಎರಡನೆಯ ಪ್ರಯಾಣ ಸಿದ್ಧವಾಯಿತು. ನನ್ನ ತಲೆ ತಿರುಗಿತು ಎಂದೇ ಹೇಳಬೇಕು. ದಪ್ಪ ರಟ್ಟಿನ ನೋಟ್‌ಬುಕ್ ಕೊಂಡೆ. ಮೊದಲ ಪುಟದಲ್ಲಿ ಕಥೆಗಾರನಿಗೆ ತಕ್ಕ ಒಂದು ಸಹಿಯನ್ನೂ ಅಭ್ಯಾಸ ಮಾಡಿದೆ. ಯಾವ ಕೆಲಸಕ್ಕೆಂದು ಕಥೆ ಬರೆಯಲು ಕೂತೆನೋ ಅದು ಮರೆತೇಹೋಗಿತ್ತು. ಮಂಜುಳ ಮರೆತಿರಲಿಲ್ಲ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ‘ಇಲಿ ಮನೆಗೆ ಬಂತು, ಸರಿ. ಪಾಪನ ವಿಷಯ ಎಲ್ಲಿಗೆ ಬಂತು?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು.

ಆ ಸಲ ಸಿರಿಯೂ ಒಂದು ಪ್ರಶ್ನೆ ಕೇಳಿದ್ದಳು. ಇಲಿ ಪ್ರತಿ ಸಲ ವಾಪಸ್ ಬರುತ್ತದಾ ಎಂದು. ಬಾರದೆ ಏನು ಎಂದೆ. ಆ ಪ್ರಶ್ನೆಯನ್ನು ನಾನು ಕಥೆಯ ಬಗ್ಗೆ ಕೇಳಿದ್ದೆಂದೇ ತಿಳಿದೆ.

ಮೇ ಮಧ್ಯದಲ್ಲಿ ಕೆಲಸದ ಮೇಲೆ ಶಿವಾರಪಟ್ಟಣಕ್ಕೆ ಹೋಗಿದ್ದೆ. ಊರ ತುಂಬ ಉಳಿಯ ಸದ್ದು, ರಸ್ತೆಯ ಪಕ್ಕದಲ್ಲೆಲ್ಲ ದೇವರಾಗುತ್ತಿರುವ ಕಲ್ಲುಗಳು. ವಯಸ್ಸಾದ ಒಬ್ಬ ಶಿಲ್ಪಿಯ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಒಂದು ಬಸವ ಕೂತಿತ್ತು. ಮುಖ ಚೆನ್ನಾಗಿ ಬಂದಿತ್ತು. ಕುತ್ತಿಗೆ ಕೆತ್ತುವಾಗ ಕಲ್ಲಿನೊಳಗಿನ ಸೀಳು ತೆರೆದುಕೊಂಡಿತಂತೆ. ಭಿನ್ನವಾದದ್ದನ್ನು ಪೂಜೆಗೆ ಕೊಡುವುದಿಲ್ಲ. ಒಡೆದುಹಾಕಲು ಮನಸ್ಸು ಬರಲಿಲ್ಲ ಎಂದರು ಆತ. ಅವರ ಮೊಮ್ಮಕ್ಕಳು ಅದರ ಬೆನ್ನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು.

ಗುಡಿಗೆ ಹೋಗದ ಬಸವನ ಕಥೆ ಹಾಗೆ ಹುಟ್ಟಿತು. ಅದನ್ನು ಬರೆಯುವಾಗ ನನ್ನ ಕೈ ಮೊದಲ ಸಲ ನಿಧಾನವಾಯಿತು. ಶನಿವಾರ ಸಿರಿಗೆ ಓದಿದೆ. ಅದಕ್ಕೆ ಬೇಜಾರಾಗಲ್ಲವಾ ಎಂದಳು. ಮಕ್ಕಳು ಹತ್ತಿರ ಬರುತ್ತಾರಲ್ಲ, ಅದಕ್ಕೆ ಗೊತ್ತಾಗುತ್ತೆ ಎಂದೆ. ಅವಳು ತಲೆಯಾಡಿಸಿ, ಮರದ ಕೆಳಗೇನಾ ಎಂದು ಇನ್ನೊಮ್ಮೆ ಕೇಳಿದಳು. ಹೂಂ, ಮರದ ಕೆಳಗೇ ಎಂದೆ. ಹೇಳಬೇಕಾದ ಮಾತು ಆಗ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ಹಾಲು ಕುಡಿಯಲು ಅವಳನ್ನು ಕರೆದರು. ಆ ಕ್ಷಣ ಅತ್ತೆಯ ಮೇಲೆ ನನಗೆ ಹುಟ್ಟಿದ ಕೃತಜ್ಞತೆಯನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಇನ್ನು ಎರಡೇ ಶನಿವಾರ ಉಳಿದಿದ್ದವು. ಮೊದಲನೆಯದಕ್ಕೆ ಗಟ್ಟಿ ಮನಸ್ಸು ಮಾಡಿ, ಇಲಿಗೆ ಒಬ್ಬ ತಮ್ಮನನ್ನು ಹುಟ್ಟಿಸಿ, ಆ ತಮ್ಮ ಒಂದು ಸಂಜೆ ಮೇಲಕ್ಕೆ ಹಾರಿ ನಕ್ಷತ್ರವಾದ ಎಂದು ಓದಿದೆ. ಓದುವಾಗ ನನ್ನ ದನಿಯೇ ನನಗೆ ಹಿಡಿಸಲಿಲ್ಲ.

‘ಇದು ಸುಳ್ಳು ಕಥೆ’ ಎಂದಳು ಸಿರಿ.

‘ಎಲ್ಲಾ ಕಥೆನೂ ಸುಳ್ಳೇ ಅಲ್ವೇನಮ್ಮ?’

‘ಮಂಡಿ ಇಲಿದು ಸುಳ್ಳಲ್ಲ. ಬಸವಂದೂ ಅಲ್ಲ. ಇದು ಮಾತ್ರ ಸುಳ್ಳು. ಬೇಕಾದ್ರೆ ನಕ್ಷತ್ರದ ಚಕ್ಕುಬಂದಿ ಹೇಳು.’

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಮುಚ್ಚಿ ಪಕ್ಕಕ್ಕಿಟ್ಟಳು. ಅದನ್ನು ಎಷ್ಟು ಮೆಲ್ಲಗೆ ಇಟ್ಟಳೆಂದರೆ ದೊಡ್ಡವಳು ಅವಳು, ತಪ್ಪು ಮಾಡಿದ ಹುಡುಗ ನಾನು ಎಂಬಂತಾಯಿತು. ಇವಳು ಇನ್ನು ನನ್ನ ಮಾತು ನಂಬುವುದಿಲ್ಲ ಎಂಬ ಭಯ ಆವತ್ತು ಹುಟ್ಟಿತು. ಆ ವಾರ ನಾನು ಏನನ್ನೂ ಬರೆಯಲಿಲ್ಲ.

ಕೊನೆಯ ಭಾನುವಾರ ಬಾದಾಮಿ ಮಾವಿನ ಕೊಯ್ಲು. ಎರಡು ದಿನ ಮೊದಲು ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಆಳುಗಳು ಬಲೆ ಕಟ್ಟಿದ ದೋಟಿ ಹಿಡಿದು ಬೆಳಿಗ್ಗೆಯೇ ಬಂದರು. ತೋಟದ ತುಂಬ ಸೊನೆಯ ವಾಸನೆ. ಸಿರಿ ಕಾಯಿ ಆರಿಸುವವರ ಜೊತೆ ಸೇರಿಕೊಂಡು ಕೈಯೆಲ್ಲ ಅಂಟು ಮಾಡಿಕೊಂಡಿದ್ದಳು. ಮೂಲೆಯ ನಾಟಿ ಮರದ ಕಡೆ ಮಾತ್ರ ಯಾರೂ ಹೋಗಲಿಲ್ಲ. ಆ ಕಡೆ ಹೋಗಬೇಡಿ ಎಂದು ಅತ್ತೆ ಮೊದಲೇ ತೆಲುಗಿನಲ್ಲಿ ಹೇಳಿದ್ದರು. ಪ್ರತಿ ವರ್ಷ ಆ ಮರದ ಕಾಯಿಯಲ್ಲೇ ಅವರು ಉಪ್ಪಿನಕಾಯಿ ಹಾಕುತ್ತಿದ್ದದ್ದು. ಆ ವರ್ಷ ಹಾಕಲಿಲ್ಲ. ಕಾಯಿಗಳು ತಾವಾಗಿ ಬಿದ್ದು ಮರದ ಸುತ್ತ ಹರಡಿದ್ದವು.

ಹತ್ತು ಗಂಟೆಯ ಹೊತ್ತಿಗೆ ಸಿರಿ ಬಂದು ನನ್ನ ಕೈ ಹಿಡಿದಳು. ನಡೆಸಿಕೊಂಡು ಹೋಗಿ, ನಾಟಿ ಮರ ಕಾಣುವ ಹಾಗೆ ತೋಟದಂಚಿನ ಬಾಂದುಕಲ್ಲಿನ ಮೇಲೆ ಕೂರಿಸಿದಳು. ಕಥೆ ಹೇಳು ಎಂದಳು. ಬರೆದು ತಂದಿಲ್ಲ ಎಂದೆ. ಬರೆದದ್ದು ಬೇಡ ಎಂದಳು.

ಒಂದು ಮಾವಿನ ತೋಟ ಇತ್ತು ಎಂದು ಶುರು ಮಾಡಿದೆ. ಚಕ್ಕುಬಂದಿ ಕೇಳಿದಳು. ಪೂರ್ವಕ್ಕೆ ತಾತನ ಬೋರ್‌ವೆಲ್, ಪಶ್ಚಿಮಕ್ಕೆ ಬಂಡಿ ದಾರಿ, ಉತ್ತರಕ್ಕೆ ಪಕ್ಕದವರ ರಾಗಿ ಹೊಲ, ದಕ್ಷಿಣಕ್ಕೆ ನೀರಿನ ಕುಂಟೆ ಎಂದೆ. ಆ ತೋಟದಲ್ಲಿ ಒಂದು ಇಲಿ ಇತ್ತು ಎಂದೆ. ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ‘ಇಲಿ ಬೇಡ ಅಪ್ಪ’ ಎಂದಳು.

ಇನ್ನು ಅಡಗಿಕೊಳ್ಳಲು ನನಗೆ ಏನೂ ಉಳಿದಿರಲಿಲ್ಲ. ‘ಆ ತೋಟದ ಮೂಲೇಲಿ ಒಂದು ನಾಟಿ ಮರ. ಅದರ ಹತ್ರ ನಿನ್ನ ತಮ್ಮನ್ನ ಮಲಗಿಸಿದೀವಿ’ ಎಂದೆ. ‘ಅವನು ತೀರಿಹೋದ, ಸಿರಿ. ಎರಡೇ ದಿವ್ಸ ಇದ್ದ. ಡಾಕ್ಟರ ಹತ್ರ ಇದಾನೆ ಅಂತ ನಾನು ಹೇಳಿದ್ದು ಸುಳ್ಳು.’

‘ಗೊತ್ತು ಅಪ್ಪ’ ಎಂದಳು. ‘ಅವ್ವ ಹೇಳ್ತಿದ್ರಲ್ಲ, ತೆಲುಗಲ್ಲಿ. ನಂಗೆ ತೆಲುಗು ಬರುತ್ತೆ.’

ಹುಟ್ಟಿದಾಗಿನಿಂದ ಪ್ರತಿ ರಜೆಯನ್ನೂ ಆ ಅವ್ವನ ಮಡಿಲಿನಲ್ಲಿ ಕಳೆದ ಮಗು. ಅವಳಿಗೆ ತೆಲುಗು ಬಾರದೆ ಇನ್ನಾರಿಗೆ ಬರಬೇಕು? ಇಡೀ ಮನೆ, ಅಳತೆಯಲ್ಲಿ ಪಳಗಿದ ನಾನೂ ಸೇರಿ, ಇದೊಂದನ್ನು ಯೋಚಿಸಿರಲಿಲ್ಲ. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಬಂದ ಮೊದಲನೆಯ ವಾರವೇ ಎಂದಳು. ಅಂದರೆ ಅವಳು ಕೇಳುವುದನ್ನು ನಿಲ್ಲಿಸಿದ ವಾರ. ಮತ್ತೆ ಯಾಕೆ ನನ್ನ ಹತ್ತಿರ ಹೇಳಲಿಲ್ಲ ಎಂದೆ.

‘ಹೇಳಿದ್ರೆ ಅಮ್ಮ ಅಳ್ತಾಳೆ ಅಂತ. ಆಮೇಲೆ ನೀನು ಕಥೆ ಶುರು ಮಾಡಿದ್ಯಲ್ಲ. ನೀನೇ ಅಲ್ಲಿಗೆ ಬರ್ತೀಯ ಅಂತ ಕಾಯ್ತಿದ್ದೆ.’

ನನಗೆ ಅಳು ಬಂತು. ಮಗುವನ್ನು ಮಣ್ಣಿಗೆ ಕೊಟ್ಟ ದಿನ ಅತ್ತಿರಲಿಲ್ಲ, ಆವತ್ತು ಅತ್ತುಬಿಟ್ಟೆ. ಅವಳು ತನ್ನ ಕೈಯಿಂದ ನನ್ನ ಕೆನ್ನೆ ಒರೆಸಿದಳು. ಕೈ ತುಂಬ ಸೊನೆ. ಉರಿಯಿತು, ಬೇಡ ಅನ್ನಲು ಮನಸ್ಸಾಗಲಿಲ್ಲ. ಆ ಕಲೆ ಹದಿನೈದು ದಿನ ಉಳಿದಿತ್ತು. ಅದೇನು ಎಂದು ಆಫೀಸಿನಲ್ಲಿ ಕೇಳಿದವರಿಗೆ ಮಾವಿನಕಾಯಿ ಕಿತ್ತೆ ಎಂದು ಹೇಳಿದೆ.

ತಲೆಯ ಮೇಲೆ ಸೆರಗು ಹೊದ್ದು ಮಂಜುಳ ಬರುತ್ತಿದ್ದದ್ದು ಆಗ ಕಾಣಿಸಿತು. ಸಿರಿ ನನ್ನನ್ನು ಆ ಕಡೆ ನಡೆಸಿದ್ದನ್ನು ನೋಡಿ ಮನೆಯಿಂದ ಹೊರಟಿದ್ದಳಂತೆ. ಅತ್ತೆ ತಡೆದರೂ ನಿಲ್ಲಲಿಲ್ಲ. ಅವಳು ಆ ಜಾಗಕ್ಕೆ ಬಂದದ್ದು ಅದೇ ಮೊದಲು. ಮೂವರೂ ಹೋಗಿ ಮಣ್ಣಿನ ಮೇಲಿಟ್ಟಿದ್ದ ಚಪ್ಪಟೆ ಕಲ್ಲಿನ ಸುತ್ತ ನಿಂತೆವು. ಸಿರಿ, ತೋಟದ್ದಲ್ಲ, ಪಾಪನ ಚಕ್ಕುಬಂದಿ ಬರಿ ಎಂದಳು. ಜೇಬಿನಲ್ಲಿ ಯಾವುದೋ ಹಳೆಯ ನೋಟಿಸು ಇತ್ತು. ಅದರ ಹಿಂಬದಿಯಲ್ಲಿ ಬರೆದೆ. ಯಾರು ಎಲ್ಲಿ ನಿಂತಿದ್ದಾರೆ ಎಂದು ಅವಳೇ ನೋಡಿ ಹೇಳಿದಳು. ಪಶ್ಚಿಮಕ್ಕೆ ಅಮ್ಮ. ಉತ್ತರಕ್ಕೆ ಸಿರಿ. ದಕ್ಷಿಣಕ್ಕೆ ಅಪ್ಪ. ಪೂರ್ವಕ್ಕೆ ಯಾರೂ ನಿಂತಿರಲಿಲ್ಲ.

ಬೋರ್‌ವೆಲ್ ಅಂತ ಬರೆಯಲಾ ಎಂದು ಕೇಳಿದೆ. ಬೇಡ, ಖಾಲಿ ಬಿಡು ಎಂದಳು. ಚಕ್ಕುಬಂದಿಯ ಮೊದಲ ಸಾಲನ್ನೇ ಖಾಲಿ ಬಿಟ್ಟ ಕಾಗದ ನನ್ನ ನೌಕರಿಯಲ್ಲಿ ಅದೊಂದೇ. ಕೆಳಗೆ ಪಂಚರ ಸಹಿ ಬೇಕಲ್ಲ ಎಂದಾಗ ಸಿರಿ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಮಂಜುಳಳೂ ಬರೆದಳು.

ಜೂನಿನಲ್ಲಿ ಕೋಲಾರಕ್ಕೆ ವಾಪಸ್ಸಾದ ಮೇಲೆ ಪಕ್ಕದ ಮನೆಯವರು ನಿರೀಕ್ಷೆಯಂತೆ ಕೇಳಿಯೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಿರಿ, ನನ್ನ ತಮ್ಮ ತೀರಿಹೋದ, ಯಲ್ದೂರಿನ ತೋಟದಲ್ಲಿದ್ದಾನೆ ಎಂದು ಹೇಳಿ ನೀಲಿ ಬ್ಯಾಗು ಹಾಕಿಕೊಂಡು ಶಾಲೆಗೆ ಹೋದಳು.

ನಾನು ಕಥೆಗಾರನಾಗಲಿಲ್ಲ. ನೋಟ್‌ಬುಕ್ಕಿನಲ್ಲಿ ಒಟ್ಟು ಹನ್ನೊಂದು ಕಥೆಗಳಿವೆ. ಮಂಡಿಯ ಇಲಿ, ಶಿವಾರಪಟ್ಟಣದ ಬಸವ ಇವೆರಡನ್ನು ಬಿಟ್ಟರೆ ಉಳಿದವನ್ನು ಯಾರ ಎದುರಿಗೂ ಓದಲಾರೆ. ಮಕ್ಕಳಿಗೆ ಒಳ್ಳೆಯ ಕಥೆ ಬರೆಯುವುದು ಹೇಗೆ ಎಂದು ನನಗೆ ಇವತ್ತಿಗೂ ತಿಳಿಯದು. ಇಷ್ಟು ಮಾತ್ರ ತಿಳಿದಿದೆ. ಆ ಬೇಸಿಗೆಯಲ್ಲಿ ಸಿರಿ ಕೇಳಿದ್ದು ಬಹುಪಾಲು ‘ಎಲ್ಲಿ’ ಎಂಬ ಪ್ರಶ್ನೆಯನ್ನೇ. ಅವಳಿಗೆ ಆ ಜಾಗಕ್ಕೆ ಹೋಗಿ ನಿಲ್ಲಬೇಕಿತ್ತು. ನಾನು ಅವಳನ್ನು ಅಲ್ಲಿಂದ ದೂರ ಇಡಲು ಕಥೆ ಹೇಳುತ್ತಿದ್ದೆ. ನನ್ನ ಎರಡು ಕಥೆ ಚೆನ್ನಾಗಿದ್ದರೆ ಅದು ಅವಳು ನನ್ನನ್ನು ಎಳೆದು ತಂದು ನಿಲ್ಲಿಸಿದ್ದರಿಂದ.

ಎರಡು ವರ್ಷದ ಮೇಲೆ ನಮಗೆ ಚರಣ್ ಹುಟ್ಟಿದ. ಈಗ ಅವನಿಗೆ ಆರು, ಸಿರಿಗೆ ಹದಿನೈದು. ಈ ಮೇ ತಿಂಗಳು ತೋಟದಲ್ಲಿ ನಾನು ಬೆರಳ ಸೊನೆ ಮೂಸುತ್ತ ನಿಂತಿದ್ದಾಗ ಅವನು ಓಡಿ ಬಂದ. ಆ ಮೂಲೆ ಮರದ ಕಾಯಿ ಮಾತ್ರ ಯಾಕೆ ಯಾರೂ ಕೀಳುವುದಿಲ್ಲ ಎಂದು ಕೇಳಿದ. ಎಂಟು ವರ್ಷದಲ್ಲಿ ನಾನೇನೂ ಕಲಿತಿರಲಿಲ್ಲ ಎಂದು ಕಾಣುತ್ತದೆ. ಒಂದು ಮಂಡೀಲಿ ಒಂದು ಇಲಿ ಇತ್ತು ಎಂದು ಶುರು ಮಾಡಿಬಿಟ್ಟೆ.

ಕ್ರೇಟಿಗೆ ಕಾಯಿ ತುಂಬುತ್ತಿದ್ದ ಸಿರಿ ತಲೆಯೆತ್ತಿ ನೋಡಿ ನಕ್ಕಳು. ‘ಅಪ್ಪ, ಇಲಿ ಬೇಡ’ ಎಂದಳು. ಕೈಯನ್ನು ಮಣ್ಣಿಗೆ ಉಜ್ಜಿ, ಲಂಗಕ್ಕೆ ಒರೆಸಿಕೊಂಡು, ತಮ್ಮನ ಕೈ ಹಿಡಿದು ನಡೆದಳು. ನಾನೂ ಮಂಜುಳಳೂ ಹಿಂದೆ ಹೋದೆವು.

ನನಗೆ ಒಂದು ಬೇಸಿಗೆಯಿಡೀ ಹೇಳಲು ಬಾರದ್ದನ್ನು ಅವಳು ಹತ್ತು ಮಾತಿನಲ್ಲಿ ಹೇಳಿದಳು. ನಿನಗಿಂತ ಮೊದಲು ಒಬ್ಬ ಅಣ್ಣ ಇದ್ದ, ಎರಡು ದಿನ ಇದ್ದ, ತೀರಿಹೋದ, ಇಲ್ಲಿ ಇದ್ದಾನೆ ಎಂದಳು. ಚರಣ್ ಕಲ್ಲನ್ನು ನೋಡಿದ, ನಮ್ಮನ್ನೆಲ್ಲ ನೋಡಿದ. ಇದರ ಚಕ್ಕುಬಂದಿ ಬರೆದ ಕಾಗದ ಅಪ್ಪನ ನೋಟ್‌ಬುಕ್ಕಿನೊಳಗಿದೆ ಎಂದು ಸಿರಿ ಮುಂದುವರಿಸಿದಳು. ಕಾಗದ ನೋಡದೆಯೇ ಅವಳಿಗೆ ಬಾಯಿಗೆ ಬರುತ್ತಿತ್ತು. ಪಶ್ಚಿಮಕ್ಕೆ ಅಮ್ಮ, ಉತ್ತರಕ್ಕೆ ನಾನು, ದಕ್ಷಿಣಕ್ಕೆ ಅಪ್ಪ. ಹೇಳುತ್ತ ಹೇಳುತ್ತ ಅವಳು ತನ್ನ ಜಾಗಕ್ಕೆ ಹೋಗಿ ನಿಂತಳು. ಮಂಜುಳಳೂ ನಾನೂ ನಮ್ಮ ನಮ್ಮ ಜಾಗಕ್ಕೆ ಹೋಗಿದ್ದೆವು, ಯಾರೂ ಹೇಳಬೇಕಾಗಲಿಲ್ಲ.

ಪೂರ್ವ ಯಾವ ಕಡೆ ಎಂದು ಚರಣ್ ಕೇಳಿದ. ಬೆರಳು ಮಾಡಿ ತೋರಿಸಿದೆ. ಅವನು ಕಲ್ಲನ್ನು ತುಳಿಯದ ಹಾಗೆ ಸುತ್ತು ಹಾಕಿಕೊಂಡು ಹೋಗಿ, ಎರಡೂ ಕಾಲು ಜೋಡಿಸಿ ಅಲ್ಲಿ ನಿಂತ. ನಿಂತು ಅಕ್ಕನ ಮುಖ ನೋಡಿದ.

‘ಆಮೇಲೆ?’ ಎಂದ.